ಶಿಖರದ ಹಗ್ಗ ಭಾಮೈದನ ಕೈಯಲ್ಲಿ

ಈಗಷ್ಟೇ ಬೆಳಕು ಹರಿಯುತ್ತಿದೆ. ಶಿವ ದೇವಸ್ಥಾನದ ಶಿಖರದಲ್ಲಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನೇತಾಡುತ್ತಿರುವವರು ಹಲ್ಲಿಯಣ್ಣ. ಹೆತ್ತವರು ಇಟ್ಟ ಹೆಸರು ಅವರಿಗೂ ಮರೆತಂತಿದೆ. ಕಲ್ಲಿನ ಸಂದಿಗೆ ಉಳಿ ತೂರಿಸಿ ಅರಳಿ ಸಸಿಗಳನ್ನು ಬೇರುಸಮೇತ ಕೀಳುವುದು ಇವರ ಕೆಲಸ. ಹಕ್ಕಿಗಳು ಬೀಜ ಉದುರಿಸಿ ಹೋಗುತ್ತವೆ. ಬಿಟ್ಟರೆ ಬೇರು ಬಲಿತು ಶಿಖರವನ್ನೇ ಸೀಳುತ್ತದೆ. ದೇವರಿಗಿಂತ ಎತ್ತರದಲ್ಲಿ ಕೂರುವ ಸಲುಗೆ ಇರುವುದು ಪಾರಿವಾಳಗಳಿಗೆ ಮತ್ತು ಇವರಿಗೆ ಮಾತ್ರ.

ಹಗ್ಗದ ಇನ್ನೊಂದು ತುದಿ ಕೆಳಗೆ, ನೆಟ್ಟ ಕಂಬಕ್ಕೆ ಒಂದು ಸುತ್ತು ಹಾಕಿ, ಹೆಂಡತಿಯ ತಮ್ಮನ ಕೈಯಲ್ಲಿದೆ.

"ಭಾವ, ತೂಕ ಇಳಿಸ್ಕೊಳ್ಳಿ. ಕಂಬ ಬಗ್ತಿದೆ."

"ಬಗ್ಗಿರೋದು ಕಂಬ ಅಲ್ಲ ಕಣೋ, ನಿನ್ನ ಬೆನ್ನು."

ಗುಡಿ ಎಷ್ಟು ಹಳೆಯದೆಂದು ಕೇಳಿದರೆ ಅರ್ಚಕರು ತಮ್ಮ ವಯಸ್ಸು ಹೇಳಿ ಸುಮ್ಮನಾಗುತ್ತಾರೆ. ಕಟ್ಟಿದವರು ಅಣ್ಣತಮ್ಮಂದಿರಂತೆ. ಕಳಶ ಇಡಲು ಅಣ್ಣ ಮೇಲೇರಿದಾಗ, ಪಾಲಿನ ವಿಷಯಕ್ಕೆ ಮುನಿದಿದ್ದ ತಮ್ಮ ಹಗ್ಗ ಸಡಿಲಿಸಿದ. ಅಣ್ಣ ನೆಲ ಮುಟ್ಟುವ ಮೊದಲೇ ತಮ್ಮ ಅಳಲು ಶುರುಮಾಡಿದ್ದನಂತೆ. ಆಸ್ತಿ ಹಂಚಿಕೊಳ್ಳುವ ಅಣ್ಣತಮ್ಮಂದಿರು ಇಂದಿಗೂ ಮೊದಲು ಇಲ್ಲಿಗೆ ಬಂದು ಕೈಮುಗಿಯುತ್ತಾರೆ. ಕೋರ್ಟಿಗೆ ಹೋಗುವುದು ಆಮೇಲೆ.

ಅಂದಿನಿಂದ ಶಿಖರದ ಹಗ್ಗವನ್ನು ಒಡಹುಟ್ಟಿದವರ ಕೈಗೆ ಕೊಡುವುದಿಲ್ಲ. ಹತ್ತುವವನ ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಸ್ವಂತ ಅಕ್ಕನನ್ನೋ ತಂಗಿಯನ್ನೋ ವಿಧವೆ ಮಾಡಲು ಯಾರಿಗೆ ಕೈ ಬಂದೀತು?

ಹಲ್ಲಿಯಣ್ಣನ ಹೆಂಡತಿ, ಈ ಭಾಮೈದನ ಅಕ್ಕ, ಹೋದ ವರ್ಷ ಕಾಯಿಲೆ ಬಿದ್ದು ತೀರಿಕೊಂಡರು. ಹಗ್ಗವನ್ನು ಗೇಣುಗೇಣು ಸವರಿ, ಎಳೆ ಸವೆದಿದೆಯೇ ಎಂದು ನೋಡುತ್ತಿದ್ದವರು ಅವರೇ. "ಆಸ್ಪತ್ರೆ ಹಾಸಿಗೆ ಮೇಲೆ ಮಲಗಿದ್ದೋಳು ಅವಳು. ಹುಷಾರಾಗಿರಿ ಅಂತಿದ್ದಿದ್ದು ನನಗೆ," ಎನ್ನುತ್ತಾರೆ ಹಲ್ಲಿಯಣ್ಣ.

ಮಣ್ಣು ಮಾಡಿ ಬಂದ ದಿನವೇ ಭಾಮೈದನನ್ನು ಕರೆದು, "ಇನ್ನು ನಿನಗೆ ಹಂಗಿಲ್ಲ, ಬೇರೆ ಕೆಲಸ ನೋಡ್ಕೋ" ಎಂದರು. ಭಾಮೈದ ಹೊರಟುಹೋದರು. ಹಗ್ಗ ಮೊಳೆಗೆ ನೇತುಬಿತ್ತು. ಶಿಖರದಲ್ಲಿ ಸಸಿಗಳು ತೋಳುದ್ದ ಬೆಳೆದು, ಒಂದು ಕಲ್ಲು ಬಾಯಿ ಬಿಟ್ಟಿತು. ಇವತ್ತು ಕತ್ತಲಿರುವಾಗಲೇ ಭಾಮೈದ ಬಂದು ಮೊಳೆಯಿಂದ ಹಗ್ಗ ತೆಗೆದು, ಅಕ್ಕನ ಹಾಗೆಯೇ ಗೇಣುಗೇಣು ಸವರತೊಡಗಿದರು.

ಹಲ್ಲಿಯಣ್ಣ ಕೆಳಗಿಳಿಯುತ್ತಾರೆ. ಕಣ್ಣು ಕೆಂಪಗಿದೆ. "ಮೇಲೆ ಕೂತು ಅತ್ರೆ ಕೆಳಗೆ ಕಾಣಲ್ಲ. ಈ ಕೆಲಸದಲ್ಲಿ ಅದೊಂದು ಅನುಕೂಲ."

ಆಮೇಲೆ ಕೇಳುತ್ತಾರೆ: "ನಾನೇ ಬಿಡಿಸಿದ್ನಲ್ಲೋ. ಮತ್ಯಾಕೆ ಬಂದೆ?"

ಭಾಮೈದ ಕೆಂಪಾದ ಅಂಗೈ ಉಜ್ಜಿಕೊಳ್ಳುತ್ತಾರೆ. "ನೀವೂ ಬಿದ್ಹೋದ್ರೆ ಅಕ್ಕನ ವಿಷಯ ಯಾರ ಹತ್ರ ಮಾತಾಡ್ಲಿ, ಭಾವ?"