ಕೆರಿ ತುಂಬಿತು, ಕೇರಿ ತುಂಬಿತು

ಗದಗದಲ್ಲಿ ಬಿ.ಇಡಿ. ಓದುವಾಗ ಯಾರ ದನಿ ಬೇಕಾದರೂ ತೆಗೆಯುತ್ತಿದ್ದೆ. ನಿನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಮಾತ್ರ ತಡವರಿಸುತ್ತಿದ್ದೆ. ಹೀಗಾಗಿಯೇ ಇರಬೇಕು, ಹರ್ತಿಯಿಂದ ಬರುತ್ತಿದ್ದ ಸಹಪಾಠಿ ನೆರವು ಕೇಳಿಕೊಂಡು ನನ್ನ ಹತ್ತಿರ ಬಂದರು. ನಮಗೆಲ್ಲ ಹಿರಿಯರಾದ ಅವರನ್ನು ಅಕ್ಕ ಎನ್ನುತ್ತಿದ್ದೆವು.

ಮುಂಡರಗಿಯ ಶಾಲೆಯೊಂದರಲ್ಲಿ ಅಕ್ಕ ಸ್ಮಾರ್ಟ್ ಬೋರ್ಡ್ ಬಳಸಿ ಪಾಠ ಮಾಡಬೇಕಿತ್ತು. ಹಿಂದಿನ ಸಲ ಬೆರಳು ನಡುಗಿ ಬೋರ್ಡನ್ನೇ ಆರಿಸಿಬಿಟ್ಟಿದ್ದರು. ಈ ಸಲವೂ ಪಾಠ ನೋಡಲು ಬರುವ ನಮ್ಮ ಕಾಲೇಜಿನ ಸರ್ ಪಾಠಯೋಜನೆಗೆ ಸಹಿ ಹಾಕದಿದ್ದರೆ ಅವರ ವರ್ಷವೇ ಹೋದಂತೆ.

ನಾನೊಂದು ಉಪಾಯ ಹೇಳಿಕೊಟ್ಟೆ. ಮೈಕಿನ ಗುರುತು ಒತ್ತಿ ಮಾತಾಡಿದರೆ ಬೋರ್ಡೇ ಬರೆದುಕೊಳ್ಳುತ್ತದೆ. ಆದರೆ ವಾರ್ತೆ ಓದುವವರ ಹಾಗೆ ಮಾತಾಡಬೇಕು. ಬಸ್ಸಿನಲ್ಲಿ ವಾರವಿಡೀ 'ಕೆರೆ ತುಂಬಿದೆ' ಎಂದು ಹೇಳಿಸಿದೆ. ಕೊನೆಗೆ ಕಂಡಕ್ಟರನೇ, ಅದು ಯಾವ ಊರಿನ ಕೆರೆ ಎಂದು ವಿಚಾರಿಸಿದ.

ಪಾಠದ ದಿನ ಸರ್ ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೆಂಪು ಪೆನ್ನು ಹಿಡಿದು ಕುಳಿತರು. ಅಕ್ಕ ಮೈಕ್ ಒತ್ತಿದರು. ಅಂಜಿಕೆಗೆ ವಾರ್ತೆ ಹಾರಿಹೋಗಿ ಹರ್ತಿ ಹೊರಬಂತು: "ನಮ್ಮೂರ ಕೆರಿ ತುಂಬೈತಿ."

ಬೋರ್ಡು ಬರೆಯಿತು: ನಮ್ಮೂರ ಕೇರಿ ತುಂಬಿದೆ.

ಮಕ್ಕಳು ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಟೀಚರ್, ಕೇರಿ ತುಂಬಿದ್ರ ನಾವೆಲ್ಲಿ ನಿಂದ್ರೂದ್ರಿ?" ಎಂದಳು.

ಅಕ್ಕ ನನ್ನತ್ತ ನೋಡಿದರು. ನಾನು ಸದ್ದಿಲ್ಲದೆ 'ಕೆರೆ, ಕೆರೆ' ಎಂದು ಬಾಯಿ ಆಡಿಸಿದೆ. ಅವರು ನನ್ನನ್ನು ಅಲ್ಲಿಗೇ ಬಿಟ್ಟು ಮಕ್ಕಳ ಕಡೆ ತಿರುಗಿದರು.

"ಪಾಪ, ಇದಕ್ಕ ನಮ್ಮ ಮಾತು ಬರಂಗಿಲ್ಲ. ಬರ್ರಿ, ನಾವ ಕಲಸೂಣು."

ಮಕ್ಕಳು ಸಾಲುಗಟ್ಟಿದರು. ಒಬ್ಬೊಬ್ಬರೂ ತಮ್ಮ ಮನೆಯ ಮಾತು ಹೇಳುವುದು, ಬೋರ್ಡು ತಪ್ಪಾಗಿ ಬರೆಯುವುದು, ಅಕ್ಕ ಬೆರಳಿನಿಂದ ಅಳಿಸಿ ತಿದ್ದಿಸುವುದು. ಆ ಬೆರಳು ನಡುಗುವುದನ್ನು ಯಾವಾಗ ಬಿಟ್ಟಿತೋ ನಾನು ಗಮನಿಸಲೇ ಇಲ್ಲ. ಕಡೆಗೆ ಸರ್ ತಾವೇ ಎದ್ದುಬಂದು ಮೈಕಿಗೆ 'ಕೆರಿ' ಎಂದರು. ಬೋರ್ಡು ಅವರಿಗೂ 'ಕೇರಿ' ಎಂದೇ ಬರೆಯಿತು.

"ಆತು ಬಿಡ್ರಿ, ನಾನೂ ಇಲ್ಲೇ ಶಿರಹಟ್ಟ್ಯಾಂವನ" ಎಂದು ಸಹಿ ಹಾಕಿದರು.

ಮುಂದಿನ ಪಾಠ ನನ್ನದು. ವಾರ್ತೆಯ ದನಿಯಲ್ಲಿ ಒಂದಕ್ಷರವೂ ತಪ್ಪದಂತೆ ಬರೆಯಿಸಿದೆ, ತರಗತಿ ಆಕಳಿಸಿತು. ಅದೇ ಹುಡುಗಿ ನನ್ನ ಊರು ಕೇಳಿದಳು. ಇದೇ ಜಿಲ್ಲೆಯ ಬಾಳೆಹೊಸೂರು ಎಂದರೆ ಯಾರೂ ನಂಬಲಿಲ್ಲ.

ಮರಳುವಾಗ ಬಸ್ಸಿನಲ್ಲಿ ಅಕ್ಕ ಸಹಿಯಾದ ಪಾಠಯೋಜನೆಯನ್ನು ಉಡಿಯಲ್ಲಿಟ್ಟುಕೊಂಡು ನನ್ನ ವಾರ್ತೆಯನ್ನು ಅಣಕಿಸಿದರು. ಹೇಳಲು ಸಂಕಟ, ನನಗಿಂತ ಚೆನ್ನಾಗಿತ್ತು.