ಚಿಕ್ಕಹನುಮಯ್ಯ ಕುಡಿಯದ ಗಂಗೆ

ಅಟ್ಟೂರಿನ ಚಿಕ್ಕಹನುಮಯ್ಯನ ಹೊಲದಲ್ಲಿ ರಾಗಿ ಬೆಳೆಯುತ್ತಿದ್ದಾಗ ಊರೆಲ್ಲ ಅವನ ಬಾವಿಯ ನೀರನ್ನೇ ಕುಡಿಯುತ್ತಿತ್ತು. ಈಗ ಆ ಹೊಲದಲ್ಲಿ ಬಾಡಿಗೆ ಮನೆಗಳು ಬೆಳೆದಿವೆ. ಬಾವಿಯನ್ನೇನೂ ಅವನು ದಂಡ ಮಾಡಲಿಲ್ಲ. ಬಾಯಿಗೆ ಚಪ್ಪಡಿ ಮುಚ್ಚಿ, ಅಷ್ಟೂ ಮನೆಗಳ ಕಕ್ಕಸಿನ ಪೈಪನ್ನು ಒಳಗೆ ಬಿಟ್ಟ. ಎಷ್ಟು ಬಿಟ್ಟರೂ ತುಂಬದು. ಭೂಮಿತಾಯಿಯ ಹೊಟ್ಟೆ ದೊಡ್ಡದು ಎಂದು ಕೈ ಮುಗಿದ. ಪಕ್ಕದಲ್ಲೇ ಬೋರು ಕೊರೆಸಿ ಬಾಡಿಗೆಯವರಿಗೆ ನೀರು ಕೊಟ್ಟ. ತನ್ನ ಮನೆಗೆ ಮಾತ್ರ ಕ್ಯಾನ್ ನೀರು.

ಊರ ಕೆರೆ ಹಸಿರುಗಟ್ಟಿ ಮೀನು ಸತ್ತು ತೇಲಿದಾಗ, ನೀರಿನ ವಿಷಯವನ್ನೇ ಓದಿದ್ದ ಮೊಮ್ಮಗಳು ನಯನಾ ಹೇಳಿದಳು: "ತಾತ, ಬಾವೀಲಿ ಇಂಗಿದ್ದು ಒಳಗೊಳಗೇ ಕೆರೆಗೆ ಹೋಗತ್ತೆ. ಅದರ ಸಾರ ಪಾಚಿಗೆ ಗೊಬ್ಬರ. ಪಾಚಿ ಕೊಳೆತ್ರೆ ಅದನ್ನ ತಿನ್ನೋ ಸೂಕ್ಷ್ಮಾಣು ಹೆಚ್ಚಿ ನೀರಲ್ಲಿರೋ ಆಮ್ಲಜನಕ ಮುಗಿಸ್ತವೆ, ಮೀನಿಗೆ ಉಸಿರೇ ಸಿಗಲ್ಲ. ನದಿ ಕಡಲು ಸೇರೋ ಅಳಿವೇಲೂ ಇದೇ ಕತೆ."

"ಅಲ್ಲ ಕಣ್ ಮಗಾ, ನಮ್ ಬಾಡಿಗೆಯೋರ್ ಕಕ್ಕಸು ಕಡಲ್ಗಂಟ ಓಯ್ತದಾ? ಕಡಲಿನೋರು ಬಂದ್ ಕೇಳ್ಲಿ, ನೋಡುವ."

ಕಡಲಿನವರು ಬರಲಿಲ್ಲ. ನಯನಾಳ ಮದುವೆಗೆ ರಾಜಾನುಕುಂಟೆಯಿಂದ ಬೀಗರು ಬಂದರು.

ಚಪ್ಪರದ ದಿನ ಮನೆಯ ನೀರನ್ನು ಗಂಗೆಯೆಂದು ಪೂಜಿಸಿ ತಂದು, ಹಿರಿಯನು ಮೊದಲ ಗುಟುಕು ಕುಡಿದು ಬೀಗರಿಗೆ ಕೊಡುವುದು ಆ ಮನೆಯ ಪದ್ಧತಿ. ತಪ್ಪಿದರೆ ಮಾನ ಹೋದಂತೆ. ಚಿಕ್ಕಹನುಮಯ್ಯ ಬಿಂದಿಗೆಗೆ ಮೊದಲೇ ಕ್ಯಾನ್ ನೀರು ಸುರಿದು, ಮಾವಿನ ಸೊಪ್ಪು ಮುಚ್ಚಿ ಬೋರಿನ ಬಳಿ ಇಟ್ಟು ಬಂದ.

ಮದುವಣಗಿತ್ತಿಯಾಗಿ ಬಂದಾಗ ಆ ಬಾವಿಯನ್ನೇ ಪೂಜಿಸಿದ್ದ ಹೆಂಡತಿ ಲಕ್ಕಮ್ಮ ಅದನ್ನು ಕಂಡಳು. ಕ್ಯಾನ್ ನೀರನ್ನು ದಾಸವಾಳದ ಬುಡಕ್ಕೆ ಚೆಲ್ಲಿ, ಬೋರಿನ ನೀರು ತುಂಬಿ, ವಾಲಗದ ಹಿಂದೆ ಹೊತ್ತು ತಂದಳು.

ತುಟಿಗೆ ಹೋಗಬೇಕಾದ ಚೆಂಬು ಚಿಕ್ಕಹನುಮಯ್ಯನ ಮೂಗಿನ ಬಳಿಯೇ ನಿಂತಿತು.

"ಯಾವ್ ನೀರಮ್ಮಿ ಇದು?"

"ನಿಮ್ ಬಾಡಿಗೆಯೋರು ಕುಡಿಯೋದು. ಯಾಕೆ, ಗಂಗಮ್ಮ ಅಲ್ವಾ?"

"ನಾನಿವತ್ತು ಒಪ್ಪೊತ್ತು."

"ನೀರಿಗೂ ಒಪ್ಪೊತ್ತಾ? ಬಿಡಿ, ಬೀಗರು ಕುಡೀಲಿ."

ಬೀಗ ನರಸಯ್ಯ ಆಗಲೇ ಕೈ ಚಾಚಿದ್ದ. ಚಿಕ್ಕಹನುಮಯ್ಯ ಚೆಂಬನ್ನು ಎದೆಗವಚಿಕೊಂಡ. ಕುಡಿದರೆ ಹೊಟ್ಟೆ ಕೆಟ್ಟೀತು, ಕೊಟ್ಟರೆ ಸಂಬಂಧ.

"ಬ್ಯಾಡಿ ಬೀಗ್ರೇ. ಬಾವೀಗೆ ಕಕ್ಕಸ್ ಬಿಟ್ಟಿವ್ನಿ."

ನರಸಯ್ಯ ಸಿಟ್ಟಾಗಲಿಲ್ಲ. "ಅಷ್ಟೇನಾ," ಎಂದು ನಕ್ಕುಬಿಟ್ಟ. ಮಾನ ಉಳಿಯಿತು.

ಮರುದಿನ ವಾಲಗದವರಿಗಿಂತ ಮೊದಲು ಬಂದದ್ದು ಚಿಕ್ಕಹನುಮಯ್ಯ ಹೇಳಿಕಳಿಸಿದ್ದ, ಬಾವಿ ಬರಿದು ಮಾಡುವ ಟ್ಯಾಂಕರು.

"ಇದನ್ನ ಎಲ್ಲಿಗ್ ಸುರೀತೀಯಪ್ಪಾ?" ಎಂದು ಕೇಳಿದ ಚಿಕ್ಕಹನುಮಯ್ಯ.

"ದೂರ ಯಜಮಾನ್ರೇ, ರಾಜಾನುಕುಂಟೇಲಿ. ನರಸಯ್ಯ ಅಂತ ಅವ್ರೆ, ಅವರ್ ಹಳೇ ಬಾವೀಗೆ."

ಧಾರೆ ಮುಗಿದು ಮೊಮ್ಮಗಳು ಗಂಡನ ಮನೆಗೆ ಹೊರಟಾಗ, ಚಿಕ್ಕಹನುಮಯ್ಯ ಸೀರೆ ಪೆಟ್ಟಿಗೆಗಿಂತ ಮುಂಚೆ ಕ್ಯಾನ್ ನೀರನ್ನು ಗಾಡಿಗೆ ಏರಿಸಿದ.