‘ತಿಳೀತ್ರಿ ಸಾರ್’ ಎಂಬ ಜಯಘೋಷ

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಹರಿಹರದ ಖಾಸಗಿ ಪ್ರೌಢಶಾಲೆಯೊಂದು ವಿಜ್ಞಾನ ಕಲಿಸಲು ನನ್ನನ್ನು ತಾತ್ಕಾಲಿಕವಾಗಿ ನೇಮಿಸಿಕೊಂಡಿತು. ವಾಸ ದಾವಣಗೆರೆಯ ಪಿ.ಜೆ. ಬಡಾವಣೆ, ಓಡಾಟ ಬಸ್ಸಿನಲ್ಲಿ. ಪಾಠ ಮುಗಿಸಿ ‘ತಿಳೀತಾ?’ ಎನ್ನುತ್ತಿದ್ದೆ. ‘ತಿಳೀತ್ರಿ ಸಾ...ರ್!’ ಎಂದು ಇಡೀ ತರಗತಿ ಹೆಂಚು ಹಾರುವಂತೆ ಕೂಗುತ್ತಿತ್ತು. ಇಂಥ ಸರ್ವಾನುಮತ ಯಾವ ಸರ್ಕಾರಕ್ಕೂ ದಕ್ಕಿಲ್ಲವೆಂದು ನಾನು ಗಂಭೀರವಾಗಿಯೇ ನಂಬಿದ್ದೆ.

ಸಂಜೆಯ ಬಸ್ಸಿನಲ್ಲಿ ಪಕ್ಕ ಕೂರುತ್ತಿದ್ದ ನಮ್ಮ ಶಾಲೆಯ ಹಿರಿಯ ಗಣಿತದ ಮೇಷ್ಟ್ರದು ಒಂದು ಪದ್ಧತಿ. ಟಿಕೆಟ್ ಕೈಗೆ ಬಂದ ಕೂಡಲೇ ವಿಚಾರಣೆ.

‘ಇವತ್ತಿನ ಪಾಠ ಎಲ್ಲಿ ಕೆಡ್ತು?’

‘ಎಲ್ಲೂ ಇಲ್ಲ. ಎಲ್ಲರಿಗೂ ತಿಳೀತಂತೆ.’

‘ಅಲ್ರೀ, ಎಲ್ಲಾರಿಗೂ ತಿಳಿದಿದ್ರೆ ನಾಳೆ ಯಾಕ ಬರ್ತೀರಿ? ಮನ್ಯಾಗೆ ಮಲಕ್ಕೊಳ್ರಿ. ಸೋಮವಾರ ಕಮಿಟಿಯೋರು ಬಂದು ಹಿಂದಿನ ಬೆಂಚಿನಾಗೆ ಕುಂತ್ರೆ ಗೊತ್ತಾಗ್ತೈತೆ.’

ನನ್ನನ್ನು ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ತೀರ್ಮಾನಿಸುವವರು ಶಾಲೆ ನಡೆಸುವ ಆ ಕಮಿಟಿಯವರೇ.

ಮರುದಿನ ‘ತಿಳೀತಾ?’ ಬಿಟ್ಟು ‘ಎಲ್ಲಿ ತಿಳೀಲಿಲ್ಲ?’ ಎಂದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೊಬ್ಬ ಹುಡುಗಿ ಎದ್ದಳು.

‘ಜೂನ್‌ನಿಂದ ಹೇಳ್ಬೇಕಾ ಸಾರ್?’

‘ಬ್ಯಾಡ ತಾಯಿ, ಇವತ್ತಿಂದು ಸಾಕು.’

‘ಭೂಮಿ ಗಿರ್ರಂತ ತಿರುಗ್ತೈತೆ ಅಂತೀರಿ. ಮ್ಯಾಲೆ ಜಿಗಿದ್ರೆ ಇದ್ದ ಜಾಗಕ್ಕೇ ಬೀಳ್ತೀವಲ್ಲ, ಹೆಂಗೆ?’

ನನ್ನ ಬಿ.ಎಡ್. ಪದವಿ ನೆರವಿಗೆ ಧಾವಿಸಲಿಲ್ಲ.

ಅಂದು ಬಸ್ಸಿನಲ್ಲಿ ಕೇಳುವ ಮೊದಲೇ ಎಲ್ಲ ಒಪ್ಪಿಸಿದೆ. ‘ಯೋಚ್ನೆ ಮಾಡ್ರಿ’ ಎಂದಷ್ಟೇ ಹೇಳಿ ಮೇಷ್ಟ್ರು ಪೊಟ್ಟಣದ ಮಂಡಕ್ಕಿಯನ್ನು ಮೇಲೆಸೆದು ಬಾಯಿಗೆ ಹಿಡಿಯತೊಡಗಿದರು. ಬಸ್ಸು ನಾಗಾಲೋಟದಲ್ಲಿದ್ದರೂ ಒಂದು ಕಾಳೂ ಹಿಂದಿನ ಸೀಟಿಗೆ ಬೀಳಲಿಲ್ಲ. ಬಸ್ಸಿನ ಜೊತೆ ಮಂಡಕ್ಕಿಯೂ ಓಡುತ್ತಿದೆಯಲ್ಲ, ಭೂಮಿಯ ಜೊತೆ ನಾವು ಓಡುವಂತೆ! ದಾವಣಗೆರೆ ಬರುವಷ್ಟರಲ್ಲಿ ನನ್ನ ಪಾಠ ತಯಾರಾಗಿತ್ತು.

ಸೋಮವಾರ ಕಮಿಟಿಯವರು ಚಿತ್ತೈಸಿದರು. ಅಧ್ಯಕ್ಷರು ಜವಳಿ ವ್ಯಾಪಾರಿ. ಬಸ್ಸು, ಮಂಡಕ್ಕಿ, ಭೂಮಂಡಲ ಎಲ್ಲವನ್ನೂ ವಿವರಿಸಿ, ಹೊಸ ರೂಢಿಯಂತೆ ‘ಎಲ್ಲಿ ತಿಳೀಲಿಲ್ಲ?’ ಎಂದುಬಿಟ್ಟೆ. ಕೈಗಳ ಕಾಡೇ ಎದ್ದಿತು. ಹೆಡ್ಮಾಸ್ಟರ ಮುಖ ಬಿಳಿಚಿಕೊಂಡಿತು. ನನ್ನ ಕೆಲಸ ಹೋಯಿತೆಂದೇ ಅಂದುಕೊಂಡೆ. ನೋಡಿದರೆ ಹಿಂದಿನ ಬೆಂಚಿನಲ್ಲಿ ಅಧ್ಯಕ್ಷರ ಕೈಯೂ ಮೇಲಿತ್ತು.

‘ಬಸ್ಸು ಗಕ್ಕನೆ ನಿಂತ್ರೆ ನಿಮ್ಮ ಮಂಡಕ್ಕಿ ಏನಾಗ್ತೈತ್ರೀ ಮೇಷ್ಟ್ರೇ?’

ನಾನು ಬಾಯಿ ತೆರೆಯುವ ಮೊದಲೇ ಆ ಹುಡುಗಿ ಹಿಂತಿರುಗಿ ಹೇಳಿದಳು: ‘ಡ್ರೈವರ್ ಕಡೆ ಹಾರ್ತೈತ್ರಿ!’

ಹೊರಡುವಾಗ ಅಧ್ಯಕ್ಷರು ಹೆಡ್ಮಾಸ್ಟರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

‘ಹುಡುಗ್ರಿಗೆ ಭಾಳ ತಿಳಿದಂಗಿಲ್ಲ. ಆದ್ರೆ ತಿಳೀಲಿಲ್ಲ ಅನ್ನಾಕ ಹೆದರಾದಿಲ್ಲ ನೋಡ್ರಿ. ಈ ಮೇಷ್ಟ್ರು ಇರ್ಲಿ ಬಿಡ್ರಿ.’